ಹೊಳೆಯ ಪಂಪು ನಿಂತ ಹಂಗಾಮು

ಸಕ್ಕರೆ ಕಾರ್ಖಾನೆಯಲ್ಲಿ ಇಟಿಪಿಗೆ, ಅಂದರೆ ತ್ಯಾಜ್ಯನೀರಿನ ಘಟಕಕ್ಕೆ, ವರ್ಗವಾದವನನ್ನು ಯಾರೂ ಅಭಿನಂದಿಸುವುದಿಲ್ಲ. ಇಪ್ಪತ್ತೊಂದು ವರ್ಷ ಪ್ರಯೋಗಾಲಯದಲ್ಲಿ ಕುಳಿತು ಬ್ರಿಕ್ಸ್, ಪೋಲ್ ಎಂದು ಕಬ್ಬಿನ ರಸದ ಲೆಕ್ಕ ಬರೆದವನು ನಾನು. 2023ರ ಸೆಪ್ಟೆಂಬರಿನಲ್ಲಿ ಎರಡು ಸಾಲಿನ ಆದೇಶ ಬಂದು, ತ್ಯಾಜ್ಯನೀರು ಸಂಸ್ಕರಣೆಯ ಉಸ್ತುವಾರಿ ನನ್ನ ಕೊರಳಿಗೆ ಬಿತ್ತು. ‘ಗಟಾರ ಸಾಹೇಬರು’ ಎಂದು ಮೊದಲು ಕರೆದದ್ದು ಕ್ಯಾಂಟೀನಿನಲ್ಲಿ ಚಹಾ ಕೊಡುವ ಹುಡುಗ. ವಾರ ಕಳೆಯುವುದರೊಳಗೆ ಆ ಹೆಸರು ಕೇನ್ ಯಾರ್ಡಿನ ಟ್ರ್ಯಾಕ್ಟರ್ ಚಾಲಕರವರೆಗೂ ಹೋಗಿತ್ತು.

ಕಾರ್ಖಾನೆ ಇರುವುದು ಮುಧೋಳ ತಾಲ್ಲೂಕಿನಲ್ಲಿ, ಘಟಪ್ರಭೆಯ ದಂಡೆಯಿಂದ ಸ್ವಲ್ಪ ಒಳಗೆ. ಹೆಸರು ಹೇಳುವುದಿಲ್ಲ, ಅಲ್ಲಿ ಇನ್ನೂ ನನ್ನ ಸಂಬಳದ ಚೀಟಿ ತಯಾರಾಗುತ್ತದೆ.

ಆ ವರ್ಷ ಮಳೆ ಕೈಕೊಟ್ಟಿತ್ತು. ಮೇ ತಿಂಗಳ ಕೊನೆಗೆ, ಕೃಷ್ಣೆಗೂ ಭೀಮೆಗೂ ನೀರು ಬಿಡಿ ಎಂದು ನಮ್ಮ ಮುಖ್ಯಮಂತ್ರಿಗಳು ಮಹಾರಾಷ್ಟ್ರಕ್ಕೆ ಪತ್ರ ಬರೆದಿದ್ದರು. ನವೆಂಬರ್ ಹೊತ್ತಿಗೆ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಪಟ್ಟಿ ಸೇರಿದ್ದವು. ಮಳೆ ಇಲ್ಲದ ದಿನಗಳಲ್ಲಿ ಘಟಪ್ರಭೆಯಲ್ಲಿ ನೀರು ಕಾಣಬೇಕೆಂದರೆ ಹಿಡಕಲ್ ಜಲಾಶಯದ ಗೇಟು ಎತ್ತಬೇಕು. ಹಾಗೆ ಬಿಟ್ಟ ನೀರು ಊರುಗಳ ಕುಡಿಯುವ ಪಾಲು ಎಂದಾಗ, ದಂಡೆಯ ರೈತರ ಪಂಪ್‌ಸೆಟ್‌ಗಳಿಗೆ ವಿದ್ಯುತ್ ನಿಲ್ಲಿಸುತ್ತಾರೆ ಎಂಬ ಮಾತು ಹುಟ್ಟುತ್ತದೆ. ರೈತನ ಪಂಪು ಬಂದಾಗಿ, ಪಕ್ಕದಲ್ಲೇ ಕಾರ್ಖಾನೆಯ ಪಂಪು ಗುಡುಗುಟ್ಟುತ್ತಿದ್ದರೆ ಮರುದಿನ ಜನ ಗೇಟಿನ ಮುಂದೆ ಕೂರುತ್ತಾರೆ. ಆಡಳಿತದವರಿಗೆ ಪರಿಸರದ ಮೇಲೆ ಪ್ರೀತಿ ಉಕ್ಕಿತ್ತೆಂದು ನಾನು ಹೇಳಲಾರೆ. ಉಕ್ಕಿದ್ದು ಹೆದರಿಕೆ. ಹೊಳೆಯ ನೀರು ಮುಟ್ಟದೆ ಹಂಗಾಮು ನಡೆಸಲು ಸಾಧ್ಯವೇ ನೋಡಿ ಎಂದರು.

ಸಾಧ್ಯ ಎಂಬುದು ಸಕ್ಕರೆ ತಂತ್ರಜ್ಞಾನ ಓದಿದ ಯಾರಿಗಾದರೂ ಗೊತ್ತು. ಕಬ್ಬಿನಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ನೀರೇ. ದಿನಕ್ಕೆ 5,000 ಟನ್ ಕಬ್ಬು ನುರಿಸಿದರೆ ಅದರೊಂದಿಗೆ 35 ಲಕ್ಷ ಲೀಟರ್ ನೀರು ಟ್ರ್ಯಾಕ್ಟರ್ ಹತ್ತಿ ತಾನಾಗಿಯೇ ಗೇಟಿನೊಳಗೆ ಬರುತ್ತದೆ. ಸುಮಾರು ಏಳು ಲಕ್ಷ ಲೀಟರ್ ಸಿಪ್ಪೆಯ ತೇವವಾಗಿ ಬಾಯ್ಲರಿನ ಚಿಮಣಿ ಸೇರುತ್ತದೆ. ಒಂದಿಷ್ಟು ರಸ ಸೋಸಿ ಉಳಿದ ಕೆಸರಾದ ಪ್ರೆಸ್ ಮಡ್‌ನಲ್ಲಿ, ಕಾಕಂಬಿಯಲ್ಲಿ ಹೋಗುತ್ತದೆ. ಉಳಿದದ್ದೆಲ್ಲ ರಸವನ್ನು ಕುದಿಸಿ ಗಟ್ಟಿ ಮಾಡುವಾಗ ಹಬೆಯಾಗಿ ಏಳುತ್ತದೆ. ಆ ಹಬೆ ತಣಿದು ಇಳಿದ ನೀರಿಗೆ ನಾವು ಕಂಡೆನ್ಸೇಟ್ ಎನ್ನುತ್ತೇವೆ. ನೋಡಲು ಬಾವಿಯ ನೀರಿಗಿಂತ ತಿಳಿ. ಇಷ್ಟೆಲ್ಲ ಗೊತ್ತಿದ್ದೂ ಇಷ್ಟು ವರ್ಷ ಅದರಲ್ಲಿ ಅರ್ಧವನ್ನು ಬಿಸಿಬಿಸಿಯಾಗಿ ಗಟಾರಕ್ಕೆ ಬಿಟ್ಟು, ಹೊಳೆಯಿಂದ ತಣ್ಣೀರು ಎತ್ತುತ್ತಿದ್ದೆವು. ಗುಂಡಿ ಒತ್ತಿದರೆ ಹೊಳೆ ಬರುತ್ತಿತ್ತು. ಬೇರೆ ಕಾರಣವೇನೂ ಇರಲಿಲ್ಲ.

ಆ ನೀರನ್ನು ನೇರವಾಗಿ ಮರುಬಳಕೆ ಮಾಡಲು ಬರುವುದಿಲ್ಲ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಕ್ಕರೆ ಇರುತ್ತದೆ, ಅಮೋನಿಯ ಇರುತ್ತದೆ, ಕೈ ಇಟ್ಟರೆ ಸುಡುವ ಬಿಸಿ ಇರುತ್ತದೆ. ಎರಡು ದಿನ ನಿಂತರೆ ಹುಳಿ ವಾಸನೆ ಹೊಡೆಯುತ್ತದೆ. ಅದನ್ನು ತಣಿಸಿ, ಶುದ್ಧ ಮಾಡುವ ಘಟಕವನ್ನು ಎರಡು ವರ್ಷ ಹಿಂದೆಯೇ ಕಟ್ಟಿಸಿದ್ದರು. ಸಿಪಿಯು, ಅಂದರೆ ಕಂಡೆನ್ಸೇಟ್ ಪಾಲಿಶಿಂಗ್ ಯುನಿಟ್, ಎಂದು ಫಲಕವೂ ಇತ್ತು. ಪೂಜೆಯ ದಿನ ಒಡೆದ ತೆಂಗಿನಕಾಯಿಯ ಕಲೆ ಮೆಟ್ಟಿಲ ಮೇಲೆ ಹಾಗೇ ಇತ್ತು. ನಾನು ಮೊದಲ ದಿನ ಹೋದಾಗ ಗಾಳಿ ಊದುವ ಬ್ಲೋವರ್‌ಗಳ ಮೇಲೆ ಪಾರಿವಾಳ ಗೂಡು ಕಟ್ಟಿದ್ದವು.

ಅಕ್ಟೋಬರಿನಲ್ಲಿ ಘಟಕಕ್ಕೆ ಜೀವ ತುಂಬುವ ಕೆಲಸಕ್ಕೆ ಕೈ ಹಾಕಿದೆ. ಇಲ್ಲಿ ಜೀವ ಎಂದರೆ ಬರಿಯ ಮಾತಿಗಲ್ಲ, ಬ್ಯಾಕ್ಟೀರಿಯ. ಗಾಳಿ ಊದುವ ಏರೇಶನ್ ತೊಟ್ಟಿಯಲ್ಲಿ ಅವುಗಳನ್ನು ಸಾಕಬೇಕು. ಅವು ಕರಗಿದ ಸಕ್ಕರೆಯನ್ನು ತಿಂದು ನೀರನ್ನು ಬಿಟ್ಟುಕೊಡಬೇಕು. ನಗರದ ಒಳಚರಂಡಿ ಘಟಕವೊಂದರಿಂದ ಎರಡು ಟ್ಯಾಂಕರ್ ಕೆಸರು ತರಿಸಿದೆ. ಅದು ಸಾಲದೆ ಪಕ್ಕದ ಹಳ್ಳಿಯಿಂದ ಮೂರು ಟ್ರಾಲಿ ಸೆಗಣಿ. ಸೆಗಣಿಯನ್ನು ಹಾಗೇ ಸುರಿದರೆ ಹುಲ್ಲಿನ ಎಳೆ ಪಂಪಿಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಡ್ರಮ್ಮಿನ ಬಾಯಿಗೆ ಗೋಣಿಚೀಲ ಕಟ್ಟಿ, ಕಲಸಿ, ಸೋಸಿ ಬಿಡಬೇಕು. ನಾನೂ ನಾಲ್ವರು ಕೂಲಿಯವರೂ ನಾಲ್ಕು ದಿನ ಅದನ್ನೇ ಮಾಡಿದೆವು. ಮನೆಯಲ್ಲಿ ನನ್ನ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಿಡುವ ಕ್ರಮ ಆಗಲೇ ಶುರುವಾದದ್ದು.

ಕಬ್ಬು ಇನ್ನೂ ಬಂದಿರಲಿಲ್ಲ. ಹಾಗಾದರೆ ಇವುಗಳಿಗೆ ಊಟ? ಬೆಲ್ಲ. ಸಕ್ಕರೆ ಕಾರ್ಖಾನೆಯವರು ಮಹಾಲಿಂಗಪುರದ ಪೇಟೆಗೆ ಹೋಗಿ ಬೆಲ್ಲ ಕೊಂಡು ತಂದ ಸಂಗತಿ ಅಂಗಡಿಕಾರರಿಗೆ ಬಹಳ ದಿನ ನಗೆಯ ವಿಷಯವಾಗಿತ್ತು. ಕಾಕಂಬಿಯೂ ಆಗುತ್ತದೆ, ಆದರೆ ಅದಕ್ಕೆ ಅಬಕಾರಿಯ ಲೆಕ್ಕ, ಪರವಾನಗಿ, ಸಹಿ. ಬೆಲ್ಲಕ್ಕೆ ಚೀಲ ಹೊರುವವನೊಬ್ಬ ಸಾಕು. ಬೆಲ್ಲದಲ್ಲಿ ಸಾರಜನಕವಾಗಲಿ ರಂಜಕವಾಗಲಿ ಸಾಲುವುದಿಲ್ಲ. ನೀರಿನ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಅಳತೆಗೆ ಬಿಒಡಿ ಎನ್ನುತ್ತಾರೆ. ನೂರು ಪಾಲು ಬಿಒಡಿಗೆ ಐದು ಪಾಲು ಸಾರಜನಕ, ಒಂದು ಪಾಲು ರಂಜಕ ಎಂಬ ಲೆಕ್ಕದಲ್ಲಿ ಯೂರಿಯಾ, ಡಿಎಪಿ ಕರಗಿಸಿ ಕೊಟ್ಟೆವು. ಊರಿನವರೊಬ್ಬರು ತೊಟ್ಟಿಯ ಕಟ್ಟೆಯ ಮೇಲೆ ನಿಂತು ನೋಡಿ, ‘ಹೊಲಕ್ಕೆ ಹಾಕುವುದನ್ನೆಲ್ಲ ಗಟಾರಕ್ಕೆ ಹಾಕುತ್ತಿದ್ದೀರಲ್ಲ ಸಾಹೇಬರೇ, ಏನು ಬೆಳೆಯುತ್ತೀರಿ?’ ಎಂದು ಕೇಳಿದರು. ನನಗೂ ಆಗ ಅಷ್ಟು ಖಾತ್ರಿ ಇರಲಿಲ್ಲ.

ಬೆಳೆ ಬಂತೋ ಇಲ್ಲವೋ ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಒಂದು ಲೀಟರಿನ ಗಾಜಿನ ಅಳತೆಪಾತ್ರೆಗೆ ತೊಟ್ಟಿಯ ನೀರು ತುಂಬಿ, ಅಲುಗಾಡಿಸದೆ ಅರ್ಧ ಗಂಟೆ ಬಿಡುವುದು. ಕೆಸರು ತಳಕ್ಕೆ ಇಳಿಯುತ್ತದೆ, ಮೇಲೆ ತಿಳಿನೀರು ನಿಲ್ಲುತ್ತದೆ. ಕೆಸರಿನ ಗೆರೆ ಎಷ್ಟರಲ್ಲಿ ನಿಂತಿತು ಎಂಬುದೇ ಆ ದಿನದ ಅಂಕ. ಮೊದಲ ದಿನ ಇಪ್ಪತ್ತು ಮಿಲಿಲೀಟರ್, ಅದೂ ಸೆಗಣಿಯ ಬಣ್ಣದ್ದು. ಹತ್ತನೆಯ ದಿನ ತೊಂಬತ್ತು. ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಗೆರೆ ಇನ್ನೂರೆಂಬತ್ತರಲ್ಲಿ ನಿಂತಿತು. ಕೆಸರಿಗೆ ಕಾಫಿಯ ಕಂದು ಬಂದಿತ್ತು. ಪಾತ್ರೆಯನ್ನು ಮೂಗಿನ ಹತ್ತಿರ ತಂದೆ. ಎರೆ ಹೊಲಕ್ಕೆ ಮೊದಲ ಮಳೆ ಬಿದ್ದಾಗ ಬರುವ ವಾಸನೆ. ಆ ವರ್ಷ ಆ ವಾಸನೆ ನನಗೆ ಸಿಕ್ಕಿದ್ದು ಅದೊಂದೇ ಕಡೆ.

ನವೆಂಬರಿನಲ್ಲಿ ಕಬ್ಬು ನುರಿಸಲು ಶುರುವಾಯಿತು. ಮೊದಲ ವಾರ ನಾನು ನೀರು ಶುದ್ಧ ಮಾಡುವ ಗೋಜಿಗೇ ಹೋಗಲಿಲ್ಲ. ಬಕೆಟ್ಟು, ಗಡಿಯಾರ, ನೋಟ್‌ಬುಕ್ಕು ಹಿಡಿದು ಕಾರ್ಖಾನೆ ಸುತ್ತಿದೆ. ನೀರು ಸುರಿಯುವ ಪ್ರತಿ ಜಾಗದಲ್ಲಿ ಬಕೆಟ್ಟು ಇಟ್ಟು, ತುಂಬಲು ಎಷ್ಟು ಸೆಕೆಂಡು ಬೇಕು ಎಂದು ಬರೆದುಕೊಳ್ಳುವುದು. ಮಿಲ್ಲಿನ ಬೇರಿಂಗ್ ತಣಿಸಿದ ನೀರು ಎಣ್ಣೆ ಹೊತ್ತು ಗಟಾರಕ್ಕೆ ಹೋಗುತ್ತಿತ್ತು. ಪಂಪುಗಳ ಗ್ಲಾಂಡಿನಿಂದ ಸೋರಿಕೆ. ಅದನ್ನು ಸೋರಿಕೆ ಎಂದು ಯಾರೂ ಭಾವಿಸಿರಲಿಲ್ಲ, ಅಲ್ಲೇ ಜನ ಕೈ ತೊಳೆಯುತ್ತಿದ್ದರು. ನೆಲ ತೊಳೆಯುವ ರಬ್ಬರ್ ಕೊಳವೆ ಹದಿನೇಳು ಕಡೆ ಇದ್ದವು, ಒಂದಕ್ಕೂ ತುದಿಯಲ್ಲಿ ನಳ ಇರಲಿಲ್ಲ. ಕೆಲಸ ಮುಗಿದ ಮೇಲೆ ಅವು ನೆಲದ ಮೇಲೆ ಮಲಗಿ ಹರಿಯುತ್ತಲೇ ಇರುತ್ತಿದ್ದವು. ಮುಧೋಳದ ಅಂಗಡಿಯಿಂದ ತಂದ ಹದಿನೇಳು ನಳಗಳಷ್ಟು ಅಗ್ಗದ ಸುಧಾರಣೆಯನ್ನು ಆ ಹಂಗಾಮಿನಲ್ಲಿ ಬೇರೆ ಯಾವುದನ್ನೂ ನಾವು ಮಾಡಲಿಲ್ಲ. ಸಕ್ಕರೆ ಕಾರ್ಖಾನೆಗಳು ಪ್ರತಿ ಟನ್ ಕಬ್ಬಿಗೆ 200 ಲೀಟರಿಗಿಂತ ಹೆಚ್ಚು ತ್ಯಾಜ್ಯನೀರು ಬಿಡಬಾರದೆಂದು 2016ರ ಕೇಂದ್ರ ನಿಯಮವಿದೆ. ಬಕೆಟ್ಟಿನ ಲೆಕ್ಕ ಕೂಡಿಸಿದಾಗ ನಾವು ಆ ಗೆರೆಯ ಮೇಲೆಯೇ ನಿಂತಿದ್ದೆವು. ಕೆಲವು ದಿನ ಆಚೆಗೂ. ಈ ಪುಟವನ್ನು ನೋಡಿದ ಮೇಲಿನವರು ನೋಟ್‌ಬುಕ್ಕನ್ನು ಕಪಾಟಿನಲ್ಲಿ ಇಡಲು ಹೇಳಿದರು. ಇಟ್ಟೆ. ಆದರೆ ಅದೇ ಪುಟವನ್ನು ದೊಡ್ಡ ಅಕ್ಷರದಲ್ಲಿ ಬರೆದು ಮಿಲ್ ಹೌಸಿನ ಗೋಡೆಗೂ ಅಂಟಿಸಿದೆ.

ಎಲ್ಲ ಸರಿಯಾಗಿ ನಡೆದಿತ್ತು, ಡಿಸೆಂಬರಿನ ಒಂದು ರಾತ್ರಿಯವರೆಗೆ. ಎರಡೂವರೆಗೆ ಫೋನು. ‘ಸಾಹೇಬರೇ, ತೊಟ್ಟಿ ಉಕ್ಕುತ್ತಿದೆ.’ ಹೋಗಿ ನೋಡಿದರೆ ಎದೆಯೆತ್ತರದ ನೊರೆ ಕಟ್ಟೆ ದಾಟಿ ನಡೆಯುವ ದಾರಿಗೆ ಇಳಿದಿತ್ತು, ದೀಪದ ಬೆಳಕಿನಲ್ಲಿ ಹತ್ತಿಯ ರಾಶಿಯಂತೆ. ಒಳಬರುವ ನೀರಿನ ಮಾದರಿ ಹಿಡಿದೆ. ನೀರಿನಲ್ಲಿ ಸಕ್ಕರೆ ಇದೆಯೇ ಎಂದು ನೋಡುವ ಹಳೆಯ ಪರೀಕ್ಷೆ ನಮ್ಮಲ್ಲಿ ಪ್ರತಿ ಗಂಟೆಗೂ ನಡೆಯುತ್ತದೆ: ನಳಿಕೆಯಲ್ಲಿ ತಣ್ಣಗಿನ ಮಾದರಿ, ಅದಕ್ಕೆ ನಾಲ್ಕು ಹನಿ ಆಲ್ಫಾ ನ್ಯಾಫ್ಥಾಲ್, ಆಮೇಲೆ ನಳಿಕೆಯನ್ನು ಓರೆ ಹಿಡಿದು ಗೋಡೆಗುಂಟ ಗಂಧಕಾಮ್ಲ. ಆಮ್ಲ ತಳಕ್ಕೆ ಇಳಿದು ಕೂರುತ್ತದೆ. ಎರಡೂ ಸೇರುವ ಜಾಗದಲ್ಲಿ, ಸಕ್ಕರೆ ಇದ್ದರೆ, ನೇರಳೆ ಬಣ್ಣದ ಉಂಗುರ ಮೂಡುತ್ತದೆ. ಸ್ವಲ್ಪ ಇದ್ದರೆ ತಿಳಿ ನೇರಳೆ. ಆ ರಾತ್ರಿ ಉಂಗುರ ಇರಲಿಲ್ಲ, ಶಾಯಿ ಚೆಲ್ಲಿದಂತೆ ನಳಿಕೆಯೇ ಕಪ್ಪಾಯಿತು.

ಬಾಯ್ಲಿಂಗ್ ಹೌಸಿನಲ್ಲಿ ಎಲ್ಲಿಯೋ ಸಿರಪ್ ತೊಟ್ಟಿ ತುಂಬಿ ಹರಿದಿತ್ತು. ಎಲ್ಲಿ, ಯಾರ ಪಾಳಿಯಲ್ಲಿ ಎಂದು ಕೇಳಿದರೆ ಎಲ್ಲರೂ ಒಳ್ಳೆಯವರು. ನೆಲವನ್ನು ಮಾತ್ರ ಎಂದೂ ಇಲ್ಲದಷ್ಟು ಚೊಕ್ಕಟವಾಗಿ ತೊಳೆದಿದ್ದರು.

ಬೆಳಗಾಗುವಷ್ಟರಲ್ಲಿ ತೊಟ್ಟಿಯ ನೀರು ಹುಳಿಯಾಗಿತ್ತು. ಸುಣ್ಣ ಕಲಸಿ ಹಾಕಿದೆವು. ಆಮ್ಲ ಇಳಿಯಿತು, ಆದರೆ ಕೆಸರು ಕೆಟ್ಟಿತು. ಅಳತೆಪಾತ್ರೆಯಲ್ಲಿ ಗೆರೆ ಒಂಬೈನೂರರಿಂದ ಕೆಳಗೆ ಇಳಿಯಲೊಲ್ಲದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಗುಂಪುಗುಂಪಾಗಿ ಇರಬೇಕಾದಲ್ಲಿ ನೂಲಿನ ಎಳೆಗಳು. ಸಕ್ಕರೆ ಅತಿಯಾಗಿ, ಗಾಳಿಯೂ ಗೊಬ್ಬರವೂ ಕಡಿಮೆಯಾದಾಗ ಎಳೆ ಬಿಡುವ ಜಾತಿಯ ಬ್ಯಾಕ್ಟೀರಿಯ ಮೇಲುಗೈ ಪಡೆಯುತ್ತವೆ. ಆ ಕೆಸರು ತಳಕ್ಕೆ ಕೂರದೆ ನೀರಿನೊಂದಿಗೇ ಹೊರಗೆ ತೇಲಿ ಹೋಗುತ್ತದೆ. ಎರಡು ತಿಂಗಳು ಸಾಕಿದ್ದು ಎರಡು ದಿನದಲ್ಲಿ ಹರಿದು ಹೋಗುವುದನ್ನು ನಿಂತು ನೋಡಬೇಕು. ಬರುವ ನೀರನ್ನು ಅರ್ಧಕ್ಕೆ ಇಳಿಸಿ, ಬ್ಲೋವರ್ ಪೂರ್ತಿ ನಡೆಸಿ, ಯೂರಿಯಾ ಹೆಚ್ಚಿಸಿ, ಮತ್ತೆ ಸೆಗಣಿ ಸೋಸಿದೆವು. ಹದಿನಾರು ದಿನ ಹಿಡಿಯಿತು. ಆ ಹದಿನಾರೂ ದಿನ ಹೊಳೆಯ ಪಂಪು ಎರಡು ಪಾಳಿ ನಡೆಯಿತು.

ನನಗೆ ಸಿಟ್ಟು ಬಂದದ್ದು ಸಿರಪ್ ಚೆಲ್ಲಿದ್ದಕ್ಕಲ್ಲ. ಹಗಲು ರಾತ್ರಿ ನಡೆಯುವ ಕಾರ್ಖಾನೆಯಲ್ಲಿ ಚೆಲ್ಲುತ್ತದೆ. ಹತ್ತು ನಿಮಿಷ ಮೊದಲು ಯಾರಾದರೂ ಒಂದು ಮಾತು ಹೇಳಿದ್ದರೆ ಆ ನೀರನ್ನು ಖಾಲಿ ಇದ್ದ ಹಳೆಯ ಹೊಂಡಕ್ಕೆ ತಿರುಗಿಸಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬ್ಯಾಕ್ಟೀರಿಯಗಳಿಗೆ ತಿನ್ನಿಸಬಹುದಿತ್ತು. ಹೇಳಿದರೆ ದಂಡ ಬೀಳುತ್ತದೆ ಎಂದು ಯಾರೂ ಹೇಳಲಿಲ್ಲ. ಚೀಫ್ ಕೆಮಿಸ್ಟರ ಹತ್ತಿರ ಹೋಗಿ ಒಂದು ಒಪ್ಪಂದ ಮಾಡಿಕೊಂಡೆ: ಚೆಲ್ಲಿದವನು ನನಗೆ ಫೋನು ಮಾಡಿದರೆ ಅವನ ಹೆಸರು ವರದಿಯಲ್ಲಿ ಬರುವುದಿಲ್ಲ, ಫೋನು ಮಾಡದೆ ಚೆಲ್ಲಿದ್ದು ಗೊತ್ತಾದರೆ ಇಡೀ ಪಾಳಿಯ ಹೆಸರು ಬರುತ್ತದೆ. ಜನವರಿಯಲ್ಲಿ ಇಂಥ ಐದು ಫೋನು ಬಂದವು. ಅದರಲ್ಲಿ ಒಂದು, ಡಿಸೆಂಬರಿನ ಆ ರಾತ್ರಿಯವನದೇ ಎಂದು ದನಿಯಿಂದ ಗುರುತಿಸಿದೆ. ಕೇಳಲಿಲ್ಲ.

ಶುದ್ಧವಾದ ನೀರನ್ನು ಯಾರು ತೆಗೆದುಕೊಳ್ಳಬೇಕು ಎಂಬುದು ಮುಂದಿನ ಜಗಳ. ನೆಲ ತೊಳೆಯಲು, ಬೂದಿ ತಣಿಸಲು, ಬಿಸಿನೀರನ್ನು ಚಿಮ್ಮಿಸಿ ತಣಿಸುವ ಸ್ಪ್ರೇ ಪಾಂಡಿಗೆ ಎಂದರೆ ಎಲ್ಲರೂ ಒಪ್ಪಿದರು. ಹೆಚ್ಚು ನೀರು ಕುಡಿಯುವುದು ವಿದ್ಯುತ್ ಘಟಕದ ಕೂಲಿಂಗ್ ಟವರ್. ಅಲ್ಲಿನ ಎಂಜಿನಿಯರು, ‘ನಿಮ್ಮ ಗಟಾರದ ನೀರು ನನ್ನ ಟರ್ಬೈನಿನ ಹತ್ತಿರ ಬರಕೂಡದು’ ಎಂದರು. ನಾನು ಶೀಷೆಯಲ್ಲಿ ತಿಳಿನೀರು ಒಯ್ದು ತೋರಿಸಿದೆ, ನೇರಳೆ ಉಂಗುರ ಬಾರದ್ದನ್ನು ಎದುರಿಗೇ ಮಾಡಿ ತೋರಿಸಿದೆ. ಅವರು, ‘ಸಕ್ಕರೆ ಬಿಡಿ, ಅಮೋನಿಯ ಎಷ್ಟಿದೆ?’ ಎಂದು ಕೇಳಿದರು. ಅವರ ಕಂಡೆನ್ಸರಿನ ಕೊಳವೆಗಳು ಹಿತ್ತಾಳೆಯವು. ಅಮೋನಿಯ ತಾಮ್ರವನ್ನು ತಿನ್ನುತ್ತದೆ. ಮೊಂಡುತನ ಎಂದುಕೊಂಡು ಹೋದವನು ಬಾಯಿ ಮುಚ್ಚಿಕೊಂಡು ಬಂದೆ.

ಇಬ್ಬರೂ ಕೂಡಿ ಒಂದು ಪರೀಕ್ಷೆ ಮಾಡಿದೆವು. ಒಂದೇ ಹಾಳೆಯಿಂದ ಎರಡು ಹಿತ್ತಾಳೆ ಪಟ್ಟಿ ಕತ್ತರಿಸಿ, ಉಜ್ಜಿ, ತೂಗಿ, ಒಂದನ್ನು ಹೊಳೆಯ ನೀರಿನಲ್ಲೂ ಇನ್ನೊಂದನ್ನು ನನ್ನ ನೀರಿನಲ್ಲೂ ದಾರ ಕಟ್ಟಿ ಇಳಿಬಿಟ್ಟೆವು. ಹದಿನೈದು ದಿನ ಕಳೆದು ತೆಗೆದಾಗ ನನ್ನ ಪಟ್ಟಿಯ ಅಂಚು ಹಸಿರು ತಿರುಗಿತ್ತು, ತೂಕವೂ ಇಳಿದಿತ್ತು. ಅವರು ಗೆದ್ದ ಮುಖ ಮಾಡಲಿಲ್ಲ. ಅದು ಅವರ ದೊಡ್ಡತನ. ಗಾಳಿ ಊದುವ ಅವಧಿ ಹೆಚ್ಚಿಸಿ, ಕೆಸರನ್ನು ಇನ್ನಷ್ಟು ದಿನ ತೊಟ್ಟಿಯಲ್ಲೇ ಉಳಿಸಿಕೊಂಡರೆ ಅಮೋನಿಯವನ್ನು ನೈಟ್ರೇಟ್ ಮಾಡುವ ನಿಧಾನದ ಜಾತಿಯ ಬ್ಯಾಕ್ಟೀರಿಯ ಬೆಳೆಯುತ್ತವೆ. ಅದಕ್ಕಾಗಿ ಜನವರಿ ಪೂರ್ತಿ ಕಾದೆವು. ಎರಡನೆಯ ಜೊತೆ ಪಟ್ಟಿಗಳು ಹೆಚ್ಚುಕಡಿಮೆ ಒಂದೇ ಬಣ್ಣದಲ್ಲಿ ಹೊರಬಂದ ಮೇಲೆ ಅವರು ತಮ್ಮ ವಾಲ್ವನ್ನು ತಾವೇ ತಿರುಗಿಸಿದರು, ಅದೂ ಅರ್ಧ ಮಾತ್ರ.

ಫೆಬ್ರುವರಿ ಎರಡನೆಯ ವಾರ ಹೊಳೆಯಿಂದ ನೀರೆತ್ತುವ ಜಾಕ್‌ವೆಲ್‌ನ ಪಂಪು ನಿಂತಿತು. ಕಾಲೊನಿಯ ಕುಡಿಯುವ ನೀರಿಗೆಂದು ಸಣ್ಣ ಮೋಟಾರು ದಿನಕ್ಕೆ ಒಂದು ಗಂಟೆ ನಡೆಯುತ್ತಿತ್ತು, ಅಷ್ಟೇ. ಸಭೆ, ಹಾರ ಏನೂ ಇರಲಿಲ್ಲ. ಹೊಳೆಯ ದಂಡೆಯಲ್ಲಿ ಇಪ್ಪತ್ತಾರು ವರ್ಷ ಆ ಪಂಪು ಕಾದವರೊಬ್ಬರಿದ್ದರು, ಎಲ್ಲರಿಗೂ ಕಾಕಾ. ಮೂರು ದಿನ ಸುಮ್ಮನೆ ಅಲ್ಲಿಯೇ ಕುಳಿತು, ನಾಲ್ಕನೆಯ ದಿನ ಸೈಕಲ್ ತುಳಿದುಕೊಂಡು ನನ್ನ ಹತ್ತಿರ ಬಂದರು. ‘ಸಾಹೇಬರೇ, ಪಂಪಿನ ಸದ್ದಿಲ್ಲದೆ ನಿದ್ದೆ ಬರುತ್ತಿಲ್ಲ. ಇಲ್ಲಿ ಏನಾದರೂ ಸದ್ದು ಮಾಡುವ ಕೆಲಸವಿದ್ದರೆ ಕೊಡಿ’ ಎಂದರು. ಬ್ಲೋವರ್ ಕೋಣೆ ತೋರಿಸಿದೆ. ಅಳತೆಪಾತ್ರೆಯ ಗೆರೆ ಓದುವುದನ್ನು ಅವರು ಒಂದೇ ದಿನದಲ್ಲಿ ಕಲಿತರು. ಹೊಳೆಯ ಮಟ್ಟದ ಪಟ್ಟಿಯನ್ನು ಜೀವಮಾನವಿಡೀ ಓದಿದವರು.

ಅದೇ ತಿಂಗಳು ಕೆಳಗಿನ ಹಳ್ಳದ ದಂಡೆಯ ಗೌಡರು ಬಂದರು. ಅವರನ್ನು ಕಂಡರೆ ನಮ್ಮವರಿಗೆ ಹೆದರಿಕೆ. ಹಿಂದಿನ ವರ್ಷಗಳಲ್ಲಿ ಹಳ್ಳಕ್ಕೆ ಬಿದ್ದ ಕಪ್ಪು ನೀರನ್ನು ಬಾಟಲಿಯಲ್ಲಿ ತುಂಬಿ ತಂದು ಗೇಟಿನಲ್ಲಿ ಇಟ್ಟುಹೋದವರು ಅವರೇ; ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಈ ಸಲ ಬರಿಗೈಯಲ್ಲಿ ಬಂದಿದ್ದರು. ‘ಬೋರು ಬತ್ತಿತು. ನಿಮ್ಮಲ್ಲಿ ಉಳಿದದ್ದು ಇದ್ದರೆ ಕಬ್ಬಿಗೆ ಬಿಡಿ.’ ಹೊರಬೀಳುವ ತೊಟ್ಟಿಯ ಹತ್ತಿರ ಕರೆದೊಯ್ದೆ. ಬೊಗಸೆಯಲ್ಲಿ ಹಿಡಿದರು, ಮೂಸಿದರು, ನಾನು ಬೇಡ ಎನ್ನುವುದರೊಳಗೆ ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳಿದರು. ‘ಸಪ್ಪಗಿದೆ. ಬಿಡಿ.’

ನೆಲಕ್ಕೆ ಬಿಡುವ ನೀರಿಗೆ ಬಿಒಡಿ ಲೀಟರಿಗೆ 100 ಮಿಲಿಗ್ರಾಂ ಎಂಬ ಮಿತಿ ಇದೆ, ಹೊಳೆಗೆ ಬಿಡುವುದಾದರೆ 30. ನಮ್ಮದು ಮೂವತ್ತರ ಒಳಗೇ ಇತ್ತು. ಆದರೂ ಕೂಡಲೇ ಹೂಂ ಎನ್ನಲಿಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ ಕುದಿಸುವ ಪಾತ್ರೆಗಳ ಒಳಗೆ ಕಟ್ಟಿದ ಕಿಟ್ಟವನ್ನು ಕಾಸ್ಟಿಕ್ ಸೋಡಾ ಹಾಕಿ ತೆಗೆಯುತ್ತೇವೆ. ಆ ನೀರಿನ ಸೋಡಿಯಂ ಅನ್ನು ಯಾವ ಬ್ಯಾಕ್ಟೀರಿಯವೂ ತಿನ್ನುವುದಿಲ್ಲ, ಅದು ಹಾಗೇ ಹೊಲಕ್ಕೆ ಹೋಗುತ್ತದೆ. ಘಟಪ್ರಭೆಯ ಕಾಲುವೆಯ ಕೆಳಗೆ ಈಗಾಗಲೇ ಸವಳು-ಜವಳಾಗಿ ಬೆಳ್ಳಗೆ ಹೂತ ಎರೆ ಹೊಲ ಎಷ್ಟಿವೆ ಎಂದು ಗೌಡರಿಗೆ ನಾನು ಹೇಳಬೇಕಾಗಿರಲಿಲ್ಲ. ಕಾಸ್ಟಿಕ್ ನೀರನ್ನು ಬೇರೆ ತೊಟ್ಟಿಯಲ್ಲಿ ಹಿಡಿದಿಡುತ್ತೇವೆ, ಕ್ಲೀನಿಂಗ್ ನಡೆದ ಮೇಲೆ ಮೂರು ದಿನ ನಿಮ್ಮ ಕಡೆಯ ಗೇಟು ಮುಚ್ಚಿರುತ್ತದೆ, ಅವತ್ತು ಜಗಳಕ್ಕೆ ಬರಬಾರದು ಎಂದೆ. ‘ಮುಚ್ಚದಿದ್ದರೆ ಬರುತ್ತೇನೆ’ ಎಂದರು.

ಮಾರ್ಚ್ ನಡುವಿಗೆ ಕಬ್ಬು ಮುಗಿಯಿತು. ಕಬ್ಬು ಮುಗಿದರೆ ನೀರೂ ಮುಗಿಯಿತು, ಬ್ಯಾಕ್ಟೀರಿಯದ ಊಟವೂ ಮುಗಿಯಿತು. ಹಿಂದೆಲ್ಲ ಈ ಹೊತ್ತಿಗೆ ಘಟಕಕ್ಕೆ ಬೀಗ ಹಾಕುತ್ತಿದ್ದರಂತೆ. ಪಾರಿವಾಳದ ಗೂಡಿನ ಗುಟ್ಟು ಅದು. ನಾನು ಒಂದು ಸಣ್ಣ ಬ್ಲೋವರ್ ನಡೆಸುತ್ತ, ದಿನಕ್ಕೆ ಇಷ್ಟು ಬೆಲ್ಲ ಎಂದು ಗೊತ್ತುಮಾಡಿ, ಬಿಲ್ಲನ್ನು ಲೆಕ್ಕಪತ್ರ ವಿಭಾಗಕ್ಕೆ ಕಳಿಸಿದೆ. ‘ಹಂಗಾಮು ಇಲ್ಲದಾಗ ಬೆಲ್ಲ ಯಾರಿಗೆ? ವಿವರಿಸಿ’ ಎಂದು ಕೆಂಪು ಶಾಯಿಯಲ್ಲಿ ಬರೆದು ಮರಳಿಸಿದರು. ‘ಗಟಾರದ ಕಾಯಂ ನೌಕರರಿಗೆ’ ಎಂದು ಬರೆದು ಮತ್ತೆ ಕಳಿಸಿದೆ. ಅದಿನ್ನೂ ಮಂಜೂರಾಗಿಲ್ಲ.

ಏಪ್ರಿಲ್ ಕೊನೆಯಲ್ಲಿ ತಂಗಿಯ ಮಗಳ ಮದುವೆಗೆಂದು ಗೋಕಾಕಕ್ಕೆ ಹೋಗಿದ್ದೆ. ಅಕ್ಷತೆ ಕೈಯಲ್ಲಿ ಹಿಡಿದು ನಿಂತಿರುವಾಗ ಕಾಕಾನ ಫೋನು ಬಂತು. ವಾದ್ಯದ ಗಲಾಟೆಯಲ್ಲಿ ಮೊದಲು ಏನೂ ಕೇಳಿಸಲಿಲ್ಲ. ‘ಇನ್ನೂರ ಹತ್ತು, ಸಾಹೇಬರೇ’ ಎನ್ನುತ್ತಿದ್ದರು, ‘ನಿನ್ನೆಗಿಂತ ಹತ್ತು ಇಳಿದಿದೆ. ಬೆಲ್ಲದ ಚೀಲ ತಳ ಕಂಡಿದೆ. ನಮ್ಮ ಮನೆಯಲ್ಲಿ ಅರ್ಧ ಪೆಂಟೆ ಇದೆ, ಸಂಜೆಗೆ ಅದನ್ನು ಹಾಕಲೇ?’